ವೆಲ್ಮಾಳ ವೈರು

ಅಕ್ಕಾ,

ಈ ಕಾರ್ಡಿನ ಚಿತ್ರದಲ್ಲಿರೋ ಬೆಂಕಿ ನಮ್ಮೂರ ಗ್ಯಾಸ್ ಬಾವಿಯದು. ನೋಡೋಕಷ್ಟೇ ಚೆಂದ, ಅಂಗೈಗೂ ಬಿಸಿ ತಾಕಲ್ಲ. ಚಳಿಗಾಲ ಪೂರ್ತಿ ಟ್ರಕ್ಕಿನ ಇಂಜಿನ್ನಿಗೆ ಕರೆಂಟಿನ ವೈರು ಸಿಕ್ಕಿಸಿ ಬಿಸಿಯಾಗಿಡಬೇಕು, ಇಲ್ಲದಿದ್ರೆ ಬೆಳಿಗ್ಗೆ ಅದು ಬರೀ ಬಂಡೆ.

ಮೊನ್ನೆ ಸಂಜೆ ನನ್ನ ಮನೆ ಗೋಡೆಯ ಪ್ಲಗ್ ಪಾಯಿಂಟು ಸುಟ್ಟುಹೋಯ್ತು. ಪಕ್ಕದ ಮನೆ ವೆಲ್ಮಾಳ ವೈರು ಕಿತ್ತು ಆ ಜಾಗಕ್ಕೆ ನನ್ನದನ್ನ ಸಿಕ್ಕಿಸಿಬಿಟ್ಟೆ. ಬೆಳಿಗ್ಗೆ ಅವಳು ಏಳೋ ಮುಂಚೆ ಮೊದಲಿನ ಹಾಗೇ ಹಾಕಿಟ್ಟು ಪಾಳಿಗೆ ಹೋದೆ. ಅವಳ ಟ್ರಕ್ಕು ಏಳಲೇ ಇಲ್ಲ. ಸೊನ್ನೆಗಿಂತ ನಲವತ್ತೆರಡು ಡಿಗ್ರಿ ಕೆಳಗಿನ ಚಳಿಯಲ್ಲಿ ಕೆಲಸಕ್ಕೆ ನಡೆದು ಹೋಗಿ, ಅವಳ ಕಿವಿಯ ತುದಿ ಎರಡೂ ಕಪ್ಪಾಗಿವೆ.

ಸಂಜೆ ಕಿವಿಗೆ ಬಟ್ಟೆ ಸುತ್ಕೊಂಡು ಅವಳೇ ನನ್ನ ಬಾಗಿಲಿಗೆ ಬಂದಳು. "ಸೆಲ್ಬಿ, ನನ್ನ ವೈರು ಕೈಕೊಡ್ತು ಕಣೋ. ನಿಂದೂ ಒಂದ್ಸಲ ನೋಡ್ಕೋ, ಪೆದ್ದನ ಹಾಗೆ ಸಾಯ್ಬೇಡ" ಅಂದಳು. ನಾನು "ಹ್ಞೂಂ" ಅಂದೆ. ಅಷ್ಟೇ ಅಂದೆ.

ನನ್ನ ಕೆಮ್ಮು ವಾಸಿಯಾಗಿದೆ. ನೀನು ಕಳಿಸಿದ ಉಪ್ಪುಮೀನು ಮುಗೀತು.

ಇದನ್ನ ಲಕೋಟೆಯಲ್ಲಿ ಮುಚ್ಚಿ ಕಳಿಸಬಹುದಿತ್ತು. ಆದರೆ ಇಲ್ಲಿನ ಅಂಚೆ ಕಚೇರಿಯಲ್ಲಿ ಕೂರೋಳು ವೆಲ್ಮಾನೇ. ಒಂದು ಕಾರ್ಡನ್ನೂ ಓದದೆ ಮುದ್ರೆ ಒತ್ತೋಳಲ್ಲ. ಅವಳೆದುರು ಬಾಯಿಬಿಟ್ಟು ಹೇಳೋಕೆ ನನಗೆ ಮುಖ ಇಲ್ಲ.

ನಿನ್ನ ತಮ್ಮ,
ಸೆಲ್ಬಿ