ಹಳದಿ ಬಾಣಗಳು

ಚಾರಣ ಸಂಘದ ಅಧ್ಯಕ್ಷರಿಗೆ,

ನಿಪ್ಪಾಣಿ ಗುಡ್ಡಗಳಲ್ಲಿ ಕುರಿ ಕಾಯುವ ದುಂಡವ್ವನ ಸೊಸೆ ನಾನು. ನಾಲ್ಕು ಗುಡ್ಡ ಏರಿಳಿದು ಹೊರಟಲ್ಲಿಗೇ ಮರಳುವ ನಿಮ್ಮ ಚಾರಣಕ್ಕಾಗಿ ಕಲ್ಲುಗಳ ಮೇಲೆ ಹಳದಿ ಬಾಣ ಬಳಿಯಲು ಯಾರನ್ನು ಕೇಳಿದಿರಿ? ನಮಗೆ ಹಳದಿ ಕಲ್ಲೆಂದರೆ ಭಂಡಾರದ ಅರಿಷಿಣ ಹಚ್ಚಿದ ಬೀರದೇವರು. ಕಣ್ಣು ಮಂಜಾದ ಅತ್ತೆ ಹಾಗೆಂದೇ ನಂಬಿ, ಆಸ್ಪತ್ರೆಯಲ್ಲಿರುವ ಮಗನಿಗಾಗಿ ಬರಿಗಾಲಲ್ಲಿ ಪ್ರತಿ ಬಾಣಕ್ಕೂ ಕೈಮುಗಿಯುತ್ತ ದಿನವಿಡೀ ಸುತ್ತಿದರು.

ಸಂಜೆ, “ದೇವ್ರು ನನ್ನ ಹೊಂಟಲ್ಲೇ ತಂದ ಬಿಟ್ಟಾನ, ಉಜ್ವಲಾ,” ಎಂದು ಅತ್ತರು. ನಿಮ್ಮವರು ಅದನ್ನು ವಿಡಿಯೊ ಮಾಡಿಕೊಂಡು ನಕ್ಕರು.

ಆ ವಿಡಿಯೊ ಅಳಿಸಿರಿ. ಬಣ್ಣವನ್ನೂ ನೀವೇ ಬಂದು ಉಜ್ಜಿರಿ. ಬೂಟು ಮಾತ್ರ ಗುಡ್ಡದ ಕೆಳಗೇ ಬಿಟ್ಟು ಏರಿರಿ. ಪ್ರತಿ ಬಾಣದ ಮೇಲೂ ಈಗ ಅತ್ತೆ ಹಚ್ಚಿದ ಭಂಡಾರವಿದೆ.

ಇಂತಿ,
ಉಜ್ವಲಾ