ಮಾವನ ಕಲ್ಲು

ಹೊಸಕೆರೆಪಾಳ್ಯ, ಕನಕಪುರ ತಾಲ್ಲೂಕು
೧೪ ನವೆಂಬರ್ ೨೦೨೫, ಶುಕ್ರವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಧಾರವಾಡದ ಚಳಿಗೆ ನಿನ್ನ ಮಂಡಿ ಏನನ್ನುತ್ತಿದೆ? ನವ್ಯಶ್ರೀ ಎದ್ದು ಓಡಾಡುತ್ತಿದ್ದಾಳಾ? ಮಗು ಯಾರ ಹಾಗಿದೆ ಅಂತ ನೀನು ಹೇಳಲೇ ಇಲ್ಲ. ಬಾಣಂತನಕ್ಕೆ ಮಗಳು ತವರಿಗೆ ಬರುವುದು ಬಿಟ್ಟು ತವರೇ ಮಗಳ ಮನೆಗೆ ಹೋಗಿದ್ದು ನಮ್ಮ ವಂಶದಲ್ಲಿ ಇದೇ ಮೊದಲು. ಅಷ್ಟು ದೂರದ ಪ್ರಯಾಣ ಬೇಡ ಅಂತ ಅವಳ ಡಾಕ್ಟರು ಅಂದಮೇಲೆ ನೀನಾದರೂ ಏನು ಮಾಡುತ್ತೀಯ? ಬಿಸಿನೀರು ಹೊತ್ತು ಹೊತ್ತು ನೀನೇ ಹಾಸಿಗೆ ಹಿಡಿಯಬೇಡ, ಅಷ್ಟೇ ನನ್ನ ಬುದ್ಧಿಮಾತು.

ಫೋನಿರುವಾಗ ಇವಳಿಗೇಕೆ ಕಾಗದದ ಹುಚ್ಚು ಅಂತ ನಗಬೇಡ. ನಿನ್ನ ಫೋನು ಈಗ ನಿನ್ನದಾಗಿ ಉಳಿದಿಲ್ಲ. ಸ್ಪೀಕರ್ ಹಾಕಿ ತೊಟ್ಟಿಲ ಪಕ್ಕ ಇಟ್ಟುಬಿಡುತ್ತೀಯ, ಮೊನ್ನೆ ನಾನು ಅಕ್ಕಾ ಅನ್ನುವುದರೊಳಗೆ ನಿನ್ನ ಬೀಗಿತ್ತಿ "ಮೂಗು ಹ್ಯಾಂಗ ಐತ್ರಿ ಈಗ?" ಅಂತ ಕೇಳಿದರು. ಸೈನಸ್ ಅಂತ ಹೇಳಿದ್ದೀಯಲ್ಲ, ಪಾಪ, ಅವರ ತಪ್ಪೇನಿದೆ. ಇಲ್ಲಿ ಊರಿಗೆಲ್ಲ ನಮ್ಮ ಮನೆಯವರೂ ಅದನ್ನೇ ಹೇಳಿದ್ದಾರೆ. ಮದ್ದನ್ನು ಮೂಗಿಗೆ ಹೊಡೆಯುತ್ತಾರೆ ಅನ್ನುವ ಒಂದೇ ಕಾರಣಕ್ಕೆ ನನ್ನ ಮನಸ್ಸಿನ ಕಾಯಿಲೆ ಎಲ್ಲರ ಬಾಯಲ್ಲೂ ಮೂಗಿನ ಕಾಯಿಲೆಯಾಗಿ ಕೂತಿದೆ. ಹುಣಸೆ ಬೀಜದ ಕಷಾಯದಿಂದ ಹಿಡಿದು ಬೆಳ್ಳುಳ್ಳಿ ಹೊಗೆಯವರೆಗೆ ಔಷಧಿ ಹೇಳದವರೇ ಇಲ್ಲ.

ನಾವೆಲ್ಲ ಚೆನ್ನಾಗಿದ್ದೇವೆ. ಹುಳು ನಾಲ್ಕನೇ ಜ್ವರದಿಂದ ಎದ್ದಿದೆ, ಈಗ ಹಗಲೂ ಇರುಳೂ ಮೇಯುವ ಕಾಲ. ಮಾಗಡಿಗೆ ಸೊಸೆಯಾಗಿ ಹೋಗಿ ತೆಂಗಿನಕಾಯಿ ಸುಲಿಯುತ್ತಾ ನೀನು ರೇಷ್ಮೆ ಮರೆತಿರಬಹುದು, ಅದಕ್ಕೇ ನೆನಪಿಸುತ್ತಿದ್ದೇನೆ. ಪೊರೆ ಬಿಡುವ ಮುಂಚೆ ಹುಳು ಸೊಪ್ಪು ಮುಟ್ಟದೆ, ತಲೆ ಎತ್ತಿಕೊಂಡು, ಅಲ್ಲಾಡದೆ ಕೂರುತ್ತದಲ್ಲ, ಅದು ಜ್ವರ. ಆಸ್ಪತ್ರೆಯ ಆ ಒರಗು ಕುರ್ಚಿಯಲ್ಲಿ ಹೊಟ್ಟೆಗೆ ಏನೂ ಇಲ್ಲದೆ, ತಲೆ ಹಿಂದಕ್ಕೆ ಹಾಕಿ, ಮೂಗಿಗೆ ಮದ್ದು ಹೊಡೆಸಿಕೊಂಡು ಕೂರುವಾಗೆಲ್ಲ ನನಗೆ ಅದೇ ನೆನಪಾಗುತ್ತದೆ. ಜ್ವರಕ್ಕೆ ಕೂತ ಹುಳುವನ್ನು ಯಾರೂ ಮುಟ್ಟುವುದಿಲ್ಲ, ಆದರೆ ಮನೆಯವರೆಲ್ಲ ಅದರ ಸುತ್ತಲೇ ಇರುತ್ತಾರೆ.

ನಿನ್ನ ಮನೆಯಲ್ಲಿದ್ದು ಮದ್ದು ಹಾಕಿಸಿಕೊಂಡ ಆ ದಿನಗಳು ಎಷ್ಟು ಸಲೀಸಾಗಿದ್ದವು ಅಂತ ಈಗ ಗೊತ್ತಾಗುತ್ತಿದೆ. ಗಂಟಲಿಗೆ ಇಳಿಯುವ ಆ ಕಹಿಗೆ ನೀನು ಸೆರಗಿನ ಗಂಟಲ್ಲಿ ನಿಂಬೆ ಪೆಪ್ಪರ್‌ಮೆಂಟ್ ಇಟ್ಟುಕೊಂಡಿರುತ್ತಿದ್ದೆ. ಸಿಸ್ಟರ್ ಮಜೀದಾ ಬಿ.ಪಿ. ನೋಡಲು ಬಂದರೆ ನನಗಿಂತ ಮೊದಲು ನೀನೇ ತೋಳು ಚಾಚುತ್ತಿದ್ದೆ, ಆ ಹುಡುಗಿ ನಗುತ್ತಿದ್ದಳು. ಮದ್ದಿನ ಮಂಪರಿನಲ್ಲಿ ನನ್ನ ಕೈ ನನ್ನದಲ್ಲ, ಎಲ್ಲೋ ದೂರ ಹೋಗುತ್ತಿದೆ ಅಂತ ನಾನು ಹೆದರಿದಾಗ ನೀನು ಮಾಗಡಿ ಮನೆಯ ಆ ದಪ್ಪ ಬೀಗದ ಕೀ ತೆಗೆದು ಅಂಗೈಯಲ್ಲಿಟ್ಟು ಮುಚ್ಚಿದೆ. "ಭಾರ ಐತಾ? ಐತಲ್ಲ. ಅಂಗಾರೆ ನೀನೂ ಇಲ್ಲೇ ಇದ್ದೀಯ ಕಣೆ." ಅಷ್ಟು ಓದಿದ ಡಾಕ್ಟರಿಗೂ ಅದು ಹಿಡಿಸಿ, ಬೇರೆಯವರಿಗೂ ಹಾಗೇ ಮಾಡಿ ಅಂತ ಹೇಳಿದರಂತೆ. ಬಸ್ಸಿನಲ್ಲಿ ವಾಂತಿಗೆ ಕವರು, ಕಿಟಕಿ ಪಕ್ಕದ ಸೀಟು, ಮನೆಗೆ ಬಂದ ಮೇಲೆ ಗಂಜಿ, ಆಮೇಲೆ ನಿದ್ದೆ. ಒಂದು ಇರುಳು ನಿದ್ದೆ ಮಾಡಿ ಏಳುವವರೆಗೆ ಒಲೆ ಹತ್ತಿರವೂ ನೀನು ಬಿಡುತ್ತಿರಲಿಲ್ಲ. ಆಗ ನಿನ್ನ ಮೇಲೆ ರೇಗುತ್ತಿದ್ದೆ.

ಮದ್ದು ಕೆಲಸ ಮಾಡಿದೆ ಅಕ್ಕಾ. ನಿನಗೆ ಗೊತ್ತು, ಆದರೂ ಬರೆಯುತ್ತೇನೆ. ನಿನ್ನ ಮನೆಯಲ್ಲಿ ಒಂದು ಬೆಳಗ್ಗೆ ಉಪ್ಸಾರಿಗೆ ಉಪ್ಪು ಕಡಿಮೆಯಾಗಿದೆ ಅಂತ ನಾನು ಜಗಳ ತೆಗೆದೆನಲ್ಲ, ನೀನು ಸೌಟು ಹಿಡಿದುಕೊಂಡೇ ಅತ್ತುಬಿಟ್ಟೆ. ಎರಡು ವರ್ಷದಿಂದ ನನಗೆ ಉಪ್ಪು ಖಾರ ಯಾವುದೂ ತಿಳಿಯುತ್ತಿರಲಿಲ್ಲ, ಹುಳುವಿನ ಮನೆಯಲ್ಲಿ ಮಾತ್ರ ಕೈ ತನ್ನಷ್ಟಕ್ಕೆ ಆಡುತ್ತಿತ್ತು. ಮನೆಗೆ ಹಿಂತಿರುಗುವಾಗ ಬಸ್ಸಿನಲ್ಲಿ ನನಗಿದ್ದದ್ದು ಒಂದೇ ಆಸೆ. ತಟ್ಟೆಗಳ ಮಧ್ಯೆ ನಿಂತು ಹುಳು ಸೊಪ್ಪು ತಿನ್ನುವ ಸದ್ದು ಕೇಳಬೇಕು, ಈ ಸಲ ನಿಜವಾಗಿ ಕೇಳಬೇಕು.

ಅತ್ತೆ ಹುಳುವಿನ ಮನೆಯ ಬಾಗಿಲಲ್ಲೇ ತಡೆದರು. ಬೈದು ತಡೆದಿದ್ದರೆ ನಾನೂ ನಾಲ್ಕು ಮಾತು ಆಡುತ್ತಿದ್ದೆ. ಅವರು ನನ್ನ ತಲೆ ಸವರಿ, ಬ್ಯಾಗು ಇಸಿದುಕೊಂಡು, ಮೆಲ್ಲಗೆ ಹೇಳಿದರು. "ಮೂಗಿಗೆ ಏರ್ಸೋ ಔಸ್ದಿ ಅಂತೀಯ. ನಿಮ್ಮ ಮಾವಯ್ಯ ನಸ್ಯ ಏರುಸ್ತಿದ್ರು, ಸಾಯಗಂಟ ಹುಳುದ್ ಮನೆ ಹೊಸ್ಲು ದಾಟ್ಲಿಲ್ಲ. ಅವ್ರಿಗೊಂದು ನ್ಯಾಯ, ನಿಂಗೊಂದು ನ್ಯಾಯ ಮಾಡಕಾಯ್ತದಾ ಮಗ?" ಹೊಗೆಸೊಪ್ಪಿನ ಗಾಳಿ ಸೋಕಿದರೂ ಹುಳು ಸಾಯುತ್ತದೆ, ಅದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ನಸ್ಯದವನನ್ನು ಹೊರಗಿಡುವುದು ಸರಿಯೇ. ಆದರೆ ನನ್ನ ಮದ್ದು ನಸ್ಯವಲ್ಲ ಅಂತ ಅವರಿಗೆ ಹೇಗೆ ಹೇಳಲಿ? ಉಸಿರಿನಲ್ಲಿ ಅದು ಆಚೆ ಬರುವುದಿಲ್ಲ ಅಂತ ನಮ್ಮ ಮನೆಯವರು ಡಾಕ್ಟರನ್ನು ಕೇಳಿಕೊಂಡೇ ಬಂದು ಹೇಳಿದರು. ಅತ್ತೆ ಸೊಪ್ಪು ಹೆಚ್ಚುತ್ತಾ, ತಲೆ ಎತ್ತದೆ, "ಡಾಕ್ಟ್ರು ಯಾವತ್ತಾದ್ರೂ ಹುಳ ಸಾಕವ್ರೇನ್ಲಾ ಬಾಲ್‌ರಾಜ?" ಅಂದರು. ಇವರು ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು. ಇವರಿಗೂ ಒಳಗೊಳಗೆ ಅನುಮಾನವಿದೆ, ಬೆಳೆ ಕೈಗೆ ಬರುವವರೆಗೆ ಯಾರಿಗೆ ತಾನೇ ಧೈರ್ಯ ಇರುತ್ತದೆ ಹೇಳು.

ಹಾಗಾಗಿ ನನಗೆ ಈಗ ಮಾವನ ಕಲ್ಲೇ ಗತಿ. ಹುಳುವಿನ ಮನೆಯ ಎದುರು, ಹುಣಸೆ ಮರದ ಕೆಳಗೆ ಒಂದು ಚಪ್ಪಡಿ ಇದೆಯಲ್ಲ, ಅದು. ಬೆಳೆ ಇರುವಷ್ಟು ದಿನ ಮಾವ ಅಲ್ಲೇ ಕೂರುತ್ತಿದ್ದರು. ಕೂತು ಕೂತು ಕಲ್ಲು ಒಂದು ಕಡೆ ನುಣ್ಣಗಾಗಿದೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ, ಈ ಮುದುಕಪ್ಪ ಹೆಂಡತಿ ಮಗ ಸೊಸೆ ದುಡಿಯುವುದನ್ನು ನೋಡಿಕೊಂಡು ಆರಾಮಾಗಿ ಕೂತಿದ್ದಾರಲ್ಲ ಅಂತ ಒಳಗೊಳಗೇ ಉರಿದುಕೊಳ್ಳುತ್ತಿದ್ದೆ. ಈಗ ಅದೇ ನುಣುಪಿನ ಮೇಲೆ ಕೂತರೆ ಗೊತ್ತಾಗುತ್ತದೆ. ಒಳಗೆ ನಗುತ್ತಾರೆ, ಏನೋ ಮಾತಾಡುತ್ತಾರೆ, ತಟ್ಟೆ ಎಳೆಯುವ ಸದ್ದು ಕೇಳುತ್ತದೆ, ಕಿಟಕಿಯ ಜಾಲರಿ ದಾಟಿ ಈಚೆಗೆ ಏನೂ ಪೂರ್ತಿಯಾಗಿ ಬರುವುದಿಲ್ಲ. ಮಾವ ನಾಯಿಯ ಜೊತೆ ಯಾಕೆ ಅಷ್ಟೊಂದು ಮಾತಾಡುತ್ತಿದ್ದರು ಅಂತ ನನಗೆ ಈಗ ಆಶ್ಚರ್ಯವಿಲ್ಲ. ನನಗೆ ನಾಯಿಯೂ ಇಲ್ಲ, ಅದು ಸೊಪ್ಪಿನ ಗಾಡಿಯ ಹಿಂದೆ ಹೋಗುತ್ತದೆ.

ಒಂಟಿತನ ಅಕ್ಕಾ. ಬೇರೆ ಹೆಸರು ಹುಡುಕುವುದಿಲ್ಲ. ಕಾಯಿಲೆಯಲ್ಲಿದ್ದಾಗ ಎಲ್ಲರ ಮಧ್ಯೆ ಇದ್ದೂ ನನಗೆ ಯಾರೂ ಬೇಕಿರಲಿಲ್ಲ. ಈಗ ವಾಸಿಯಾಗುತ್ತಾ ಬಂದು, ಎಲ್ಲರೂ ಬೇಕು ಅನಿಸುವಾಗ ಹೊರಗೆ ಕೂತಿದ್ದೇನೆ. ಮದ್ದು ಬಿಟ್ಟರೆ ಒಳಗೆ ಬಿಡುತ್ತಾರೆ, ಮದ್ದು ಬಿಟ್ಟರೆ ಒಳಗೆ ಹೋಗುವ ಆಸೆಯೇ ಇರುವುದಿಲ್ಲ. ಇದನ್ನು ಯೋಚಿಸಿ ಯೋಚಿಸಿ ಒಮ್ಮೆ ಕಲ್ಲಿನ ಮೇಲೆ ಒಬ್ಬಳೇ ನಕ್ಕೆ. ಅತ್ತೆ ಬಾಗಿಲಿಂದ ಇಣುಕಿ ನೋಡಿ, ಔಷಧಿ ತಲೆಗೇರಿದೆ ಅಂದುಕೊಂಡು ಒಳಗೆ ಹೋದರು.

ಹಿಂದಿನ ಎರಡು ಗುರುವಾರ ನಮ್ಮ ಮನೆಯವರೇ ಆಸ್ಪತ್ರೆಗೆ ಬಂದಿದ್ದರು. ಕೀ ಕೊಡುವುದು, ಪೆಪ್ಪರ್‌ಮೆಂಟು, ಯಾವುದೂ ಅವರಿಗೆ ಗೊತ್ತಿಲ್ಲ, ಗೋಡೆಯ ಟಿ.ವಿ. ನೋಡುತ್ತಾ ಕೂತಿದ್ದರು. ಆದರೂ ಇದ್ದರು. ಜೊತೆಗೊಬ್ಬರು ಕೂತು, ಕರೆದುಕೊಂಡು ಹೋಗುತ್ತೇನೆ ಅಂತ ಹೇಳದಿದ್ದರೆ ಅಲ್ಲಿ ಮದ್ದಿನ ಮುಚ್ಚಳವನ್ನೇ ತೆಗೆಯುವುದಿಲ್ಲವಲ್ಲ, ಅದಕ್ಕಾದರೂ ಆಯಿತು. ನೆನ್ನೆ ಗುರುವಾರ. ಹುಳು ಈ ಹಂತದಲ್ಲಿರುವಾಗ ಇವರು ಎಲ್ಲಿಗೂ ಕದಲುವ ಹಾಗಿಲ್ಲ. ಸೊಪ್ಪು ಕೊಯ್ಯುತ್ತಲೇ, "ಹೋಗ್ಬತ್ತೀಯಾ ಒಬ್ಳೇ? ಅಲ್ಲಿ ಯಾರ್ನಾರ ಕೇಳ್ಕೊ" ಅಂದರು. ನಾನು ಬಸ್ಸು ಹತ್ತಿದೆ. ಸಂಜೆ ಬಂದು ಎಂದಿನ ಹಾಗೆ ಕಲ್ಲಿನ ಮೇಲೆ ಕೂತೆ. ಅತ್ತೆ ಕಾಫಿ ತಂದು ಮರದ ಬೇರಿನ ಮೇಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು, "ಒಸಿ ಸುಸ್ತಾ ಮಗ?" ಅಂದರು. ಹೂಂ ಅಂದೆ.

ಅದಿರಲಿ. ಮಗಳಿಗೆ ಹಾಸ್ಟೆಲಿನಲ್ಲಿ ಪರೀಕ್ಷೆ ಹತ್ತಿರ ಬಂದಿದೆ, ಅವಳಿಗೆ ಏನೂ ತಿಳಿಸುವುದು ಬೇಡ. ನವ್ಯಶ್ರೀಗೆ, ಅಳಿಯಂದಿರಿಗೆ ನನ್ನ ನೆನಪು ಹೇಳು. ಬೀಗಿತ್ತಿಗೆ ನಮಸ್ಕಾರ. ಮಗುವಿನ ಪಾದಕ್ಕೆ ನನ್ನ ಪರವಾಗಿ ಒಂದು ಮುತ್ತು, ದೊಡ್ಡದಾಗಿ ಬೆಳೆಯಲಿ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ತಂಗಿ,
ಲತಾಮಣಿ

ಮರೆತ ಮಾತು: ಮರೆತದ್ದೇನಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಕವರು ಅಂಟಿಸುವ ಮುಂಚೆ ಬರೆದುಬಿಡುತ್ತೇನೆ. ನೆನ್ನೆ ನನಗೆ ಮದ್ದು ಹಾಕಲಿಲ್ಲ ಅಕ್ಕಾ. ಜೊತೆಗೆ ಯಾರು ಅಂತ ಮಜೀದಾ ಕೇಳಿದಳು, ಬರುತ್ತಾರೆ ಅಂದೆ. ಆ ಹುಡುಗಿ ನನಗೋಸ್ಕರ ಕಾದಳು, ಆಮೇಲೆ ಕಣ್ಣು ತಗ್ಗಿಸಿ ವಾಪಸು ಕಳಿಸಿದಳು. ಇವರಿಗೆ ಫೋನು ಮಾಡುತ್ತೇನೆ ಅಂದಳು, ನಾನೇ ಬೇಡ ಅಂದೆ. ಸಂಜೆ ಮಾವನ ಕಲ್ಲಿನ ಮೇಲೆ ಕೂತಾಗ ನನ್ನ ಮೂಗಿನಲ್ಲಿ ಏನೂ ಇರಲಿಲ್ಲ. ಎದ್ದು ಹೇಳಿದ್ದರೆ ಒಳಗೆ ಬಿಡುತ್ತಿದ್ದರೋ ಏನೋ. ಆದರೆ ಮದ್ದು ತಪ್ಪಿದ್ದಕ್ಕೆ ಅತ್ತೆಯ ಮುಖದಲ್ಲಿ ಎಲ್ಲಿ ಸಮಾಧಾನ ಕಾಣಿಸಿಬಿಡುತ್ತದೋ ಅಂತ ಹೆದರಿ, ತೆಪ್ಪಗೆ ಕೂತುಕೊಂಡೆ. ಇವತ್ತು ಬೆಳಗ್ಗೆ ಜಡೆ ಹಾಕಿಕೊಳ್ಳಲು ಕೈ ಮೇಲೇಳಲಿಲ್ಲ. ಅದು ಹಳೆಯ ಕಾಯಿಲೆಯ ಭಾರವೋ, ಬರೀ ಹೆದರಿಕೆಯೋ ತಿಳಿಯುತ್ತಿಲ್ಲ. ಬರುವ ಗುರುವಾರದ ಹೊತ್ತಿಗೆ ಹುಳು ಹಣ್ಣಾಗಿ ಗೂಡು ಕಟ್ಟಲು ಶುರುವಾಗುತ್ತದೆ, ಆವತ್ತೂ ಇವರು ಬರಲಾರರು. ನೀನು ಬಾ. ಒಂದೇ ಒಂದು ಗುರುವಾರಕ್ಕೆ ಬಾ, ಮಾತಾಡಿಸಬೇಡ, ಕೀ ಕೊಟ್ಟು ಪಕ್ಕದಲ್ಲಿ ಕೂತಿರು ಸಾಕು. ಯಾಕೆ ಹೊರಟಿರಿ ಅಂತ ಬೀಗಿತ್ತಿ ಕೇಳಿದರೆ ಮೂಗು ಅನ್ನಬೇಡ. ನನ್ನ ತಂಗಿಗೆ ಮನಸ್ಸಿನ ಕಾಯಿಲೆ, ನಾನು ಹೋಗಲೇಬೇಕು ಅಂತ ಹೇಳಿ ಹೊರಡು.