ಪರೀಕ್ಷೆಯಾಗದ ಮೂರು ಡ್ರಮ್ಮುಗಳು

ಮಾನ್ಯ ತಪಾಸಣಾಧಿಕಾರಿಗಳೇ,

ಕಳೆದ ಗುರುವಾರ ತಾವು ನಮ್ಮ ಪದವಿಪೂರ್ವ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದ ಕಪಾಟಿಗೆ ಬೀಗ ಹಾಕಿಸಿ ಕೀಲಿಕೈಯನ್ನು ಜೀಪಿನಲ್ಲಿ ಒಯ್ದಿರಿ. ಆ ಕಪಾಟಿನೊಳಗೆ ಮೂರು ಬಾಟಲಿ ನೀರಿದೆ. ಮೂಡುಬಿದಿರೆಗೂ ಬೆಳ್ತಂಗಡಿಗೂ ನಡುವೆ ಇರುವ ನಮ್ಮ ಊರಿನ ಮೂರು ಬಾಲವಾಡಿಗಳ ಡ್ರಮ್ಮುಗಳಿಂದ ತಂದ ನೀರು ಅದು. ಅದರಲ್ಲಿ ತಾಮ್ರ ಇದೆಯೇ ಇಲ್ಲವೇ ಎಂದು ನೋಡಲು ನನ್ನ ವಿದ್ಯಾರ್ಥಿಗಳಿಗೆ ಅರ್ಧ ಗಂಟೆ ಸಾಕಿತ್ತು. ಆ ಅರ್ಧ ಗಂಟೆಯನ್ನು ತಾವು ಕೊಡಲಿಲ್ಲ. ಅದೇ ಡ್ರಮ್ಮುಗಳ ನೀರನ್ನು ಐವತ್ತಕ್ಕೂ ಹೆಚ್ಚು ಪುಟ್ಟ ಮಕ್ಕಳು ಇವತ್ತೂ ಕುಡಿಯುತ್ತಿದ್ದಾರೆ.

ತಮ್ಮ ನೋಟಿಸಿನಲ್ಲಿ ನನ್ನ ಅಪರಾಧಕ್ಕೆ ಒಂದು ಗಂಭೀರವಾದ ಹೆಸರು ಸಿಕ್ಕಿದೆ: 'ಪಠ್ಯಕ್ರಮೇತರ ವಸ್ತುಗಳ ಅನಧಿಕೃತ ವಿಶ್ಲೇಷಣೆ'. ಒಪ್ಪುತ್ತೇನೆ. ಆರು ವರ್ಷಗಳಿಂದ ನಾನು ಈ ಅಪರಾಧ ಮಾಡುತ್ತಲೇ ಬಂದಿದ್ದೇನೆ. ಆಮ್ಲ, ಪ್ರತ್ಯಾಮ್ಲ ಎಂದು ಬೋರ್ಡಿನಲ್ಲಿ ಬರೆದಾಗ ಆಕಳಿಸುವ ಮಕ್ಕಳು, ಅವರದೇ ತೋಟದ ಮಣ್ಣಿಗೆ ಸುಣ್ಣ ಯಾಕೆ ಹಾಕುತ್ತಾರೆ ಎಂದು ಕೇಳಿದರೆ ಎದ್ದು ಕೂರುತ್ತಾರೆ. ಬಂಟ್ವಾಳದಿಂದ ಜಲಸಂಪನ್ಮೂಲ ಇಂಜಿನಿಯರ್ ಶಾಫಿಯವರನ್ನು ಕರೆಸಿ ಕಿಂಡಿ ಅಣೆಕಟ್ಟಿನ ಮೇಲೆಯೇ ಪಾಠ ಮಾಡಿಸಿದ್ದೇನೆ. ಹಲಗೆ ಇಳಿಸಿ ತೋಡಿನ ನೀರು ನಿಲ್ಲಿಸಿದರೆ ದೂರದ ಬಾವಿಯಲ್ಲಿ ನೀರು ಏರುವುದು ಹೇಗೆ, ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆಯ, ನೆಲದ ನೀರಿಗೆ ತುಸು ಆಮ್ಲ ಗುಣ ಬರುವುದು ಯಾಕೆ, ಇವೆಲ್ಲ ಮಕ್ಕಳಿಗೆ ಅಲ್ಲೇ ಅರ್ಥವಾಗಿವೆ. ಇದು ರಸಾಯನಶಾಸ್ತ್ರವಲ್ಲದಿದ್ದರೆ ಯಾವುದು ರಸಾಯನಶಾಸ್ತ್ರ? ಪೊಟ್ಟಣದಲ್ಲಿ ಬರುವ ಉಪ್ಪಿನ ಹೆಸರನ್ನು ಹಿಂದಿನ ವರ್ಷದ ರೆಕಾರ್ಡ್ ಪುಸ್ತಕ ನೋಡಿ ಬರೆಯುವುದೇ?

ಈ ವರ್ಷ ಅಣೆಕಟ್ಟಿನ ಹಲಗೆಗಳು ಸೋರಿ ಫೆಬ್ರವರಿಯಲ್ಲೇ ಬಾಲವಾಡಿಗಳ ಬಾವಿ ಬತ್ತಿತು. ವಾರಕ್ಕೆ ಎರಡು ಸಲ ಟ್ಯಾಂಕರ್ ಬರತೊಡಗಿತು. ನೀರು ತುಂಬಿಸಿಡಲು ಪಾತ್ರೆ ಇಲ್ಲವೆಂದು ತಿಳಿದಾಗ, ಅಡಿಕೆಗೆ ಕೊಳೆರೋಗದ ಮದ್ದು ಬಿಡುವ ತಂಡದ ಮುಂಡಪ್ಪಣ್ಣ ತನ್ನ ನಾಲ್ಕು ನೀಲಿ ಡ್ರಮ್ಮುಗಳನ್ನು ತೊಳೆದು ನಾಲ್ಕು ಬಾಲವಾಡಿಗಳಿಗೆ ಪುಕ್ಕಟೆಯಾಗಿ ಕೊಟ್ಟರು. ಮಳೆಗಾಲದಲ್ಲಿ ಅವರು ಒಂದು ಡ್ರಮ್ಮಿನಲ್ಲಿ ಮೈಲುತುತ್ತು ಎಂಬ ತಾಮ್ರದ ಲವಣ, ಇನ್ನೊಂದರಲ್ಲಿ ಸುಣ್ಣ ಕರಗಿಸಿ ಆಮೇಲೆ ಎರಡನ್ನೂ ಬೆರೆಸುತ್ತಾರೆ. ಮದ್ದು ಸರಿಯಾಗಿದೆಯೇ ಎಂದು ನೋಡಲು ಕತ್ತಿಯ ಅಲಗನ್ನು ಅದ್ದುತ್ತಾರೆ. ಅಲಗು ಕೆಂಪಾದರೆ ತಾಮ್ರ ಹೆಚ್ಚಾಗಿದೆ, ಇನ್ನಷ್ಟು ಸುಣ್ಣ ಬೇಕು ಎಂದರ್ಥ. ಶಾಲೆಯ ಮೆಟ್ಟಿಲು ಹತ್ತದವರೂ ಇಷ್ಟನ್ನು ತಪ್ಪಿಲ್ಲದೆ ಮಾಡುತ್ತಾರೆ.

ಹದಿನೈದು ದಿನಗಳ ಹಿಂದೆ ಒಂದು ಬಾಲವಾಡಿಯ ಆರು ಮಕ್ಕಳು ವಾಂತಿ ಮಾಡಿಕೊಂಡರು. ಬಿಸಿಲಿನದ್ದು ಎಂದರು, ಮೊಟ್ಟೆಯದ್ದು ಎಂದರು. ಮಕ್ಕಳು ಎರಡು ದಿನಗಳಲ್ಲಿ ಸುಧಾರಿಸಿಕೊಂಡರು, ಮಾತು ಅಲ್ಲಿಗೇ ನಿಂತಿತು. ಆದರೆ ಆ ಆರರಲ್ಲಿ ಒಬ್ಬ ನನ್ನ ಪ್ರಥಮ ಪಿಯುಸಿ ವಿದ್ಯಾರ್ಥಿನಿ ಹನಾಳ ತಮ್ಮ. ಅವಳು ಒಂದು ಬಾಟಲಿ ನೀರು ತಂದು ನನ್ನ ಮೇಜಿನ ಮೇಲಿಟ್ಟಳು. "ಟೀಚರ್, ಇವತ್ತು ಪೊಟ್ಟಣದ ಉಪ್ಪು ಬೇಡ. ಇದನ್ನು ನೋಡುವ" ಎಂದಳು. ನೋಡಿದೆವು. ಪೊಟಾಸಿಯಂ ಫೆರೋಸಯನೈಡ್ ಹಾಕಿದ ಕೂಡಲೇ ನೀರು ಚಾಕೊಲೇಟ್ ಬಣ್ಣಕ್ಕೆ ತಿರುಗಿತು. ತಾಮ್ರ! ಎಷ್ಟಿದೆ ಎಂದು ಅಳೆಯುವ ಉಪಕರಣ ನಮ್ಮಲ್ಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ. ಇದೆ ಎನ್ನುವುದನ್ನು ಮಾತ್ರ ಇಪ್ಪತ್ತೆರಡು ಮಕ್ಕಳು ಕಣ್ಣಾರೆ ಕಂಡರು.

ಸಂಜೆಯೇ ಮುಂಡಪ್ಪಣ್ಣನನ್ನು ಕರೆಸಿದೆ. ಪಾಪ, ಅವರ ಮುಖ ಸಣ್ಣದಾಯಿತು. "ಟೀಚರೇ, ನಾನು ಡ್ರಮ್ಮಿಗೆ ನೀರು ತುಂಬಿಸಿ ಕತ್ತಿ ಅದ್ದಿ ನೋಡಿಯೇ ಕೊಟ್ಟದ್ದು. ಸ್ವಲ್ಪವೂ ಕೆಂಪಾಗಲಿಲ್ಲ. ಮತ್ತೆ ಇದು ಎಲ್ಲಿಂದ ಬಂತು ಮಾರಾಯ್ರೆ?" ಎಂದರು. ಇಲ್ಲಿದೆ ನೋಡಿ ತಪ್ಪು. ಮದ್ದಿಗೆ ಸರಿಹೋಗುವ ಪರೀಕ್ಷೆಯನ್ನು ಅವರು ಕುಡಿಯುವ ನೀರಿಗೆ ಮಾಡಿದ್ದರು. ಮಕ್ಕಳ ಹೊಟ್ಟೆ ಕೆಡಿಸುವಷ್ಟು ತಾಮ್ರ ಕತ್ತಿಯ ಅಲಗಿಗೆ ಕಾಣಿಸುವುದಿಲ್ಲ. ಡ್ರಮ್ಮಿನ ಸಂದುಗಳಲ್ಲಿ ಒಣಗಿ ಕೂತದ್ದನ್ನು ಟ್ಯಾಂಕರಿನ ಆಮ್ಲ ಗುಣದ ನೀರು ದಿನವೂ ಸ್ವಲ್ಪ ಸ್ವಲ್ಪವಾಗಿ ಕರಗಿಸುತ್ತಿತ್ತು. ನಾಲ್ಕರಲ್ಲಿ ಯಾವುದು ಮೈಲುತುತ್ತಿನದ್ದು, ಯಾವುದು ಸುಣ್ಣದ್ದು ಎಂದು ಈಗ ಅವರಿಗೂ ಗೊತ್ತಿಲ್ಲ. ಎಲ್ಲವೂ ಒಂದೇ ನೀಲಿ.

ಮೊದಲನೆಯ ಡ್ರಮ್ಮನ್ನು ಆ ದಿನವೇ ಖಾಲಿ ಮಾಡಿಸಿದೆವು. ಉಳಿದ ಮೂರರ ನೀರನ್ನು ಮಕ್ಕಳು ಬಾಟಲಿಗಳಲ್ಲಿ ತಂದರು. ಗುರುವಾರದ ಮಧ್ಯಾಹ್ನದ ತರಗತಿಯಲ್ಲಿ ಪರೀಕ್ಷಿಸುವುದಿತ್ತು. ಬೆಳಿಗ್ಗೆಯೇ ತಾವು ಬಂದಿರಿ. ಹನಾಳ ರೆಕಾರ್ಡ್ ಪುಸ್ತಕದಲ್ಲಿ 'ಕೊಟ್ಟಿರುವ ಲವಣ' ಎಂದು ಇರಬೇಕಾದಲ್ಲಿ 'ಬಾಲವಾಡಿ ಡ್ರಮ್ಮಿನ ನೀರು' ಎಂದು ಇತ್ತು. ಎಲ್ಲರ ಪುಸ್ತಕಗಳ ಮೇಲೂ ಕೆಂಪು ಗೆರೆ ಎಳೆದು, "ಮೇಡಂ, ಇದು ಲ್ಯಾಬೋ, ನೀರಿನ ಇಲಾಖೆಯೋ?" ಎಂದು ಕೇಳಿ ನಕ್ಕಿರಿ. ಜೊತೆಯಲ್ಲಿದ್ದವರೂ ನಕ್ಕರು. ನಾನು ಕೈ ಮುಗಿದು ಅರ್ಧ ಗಂಟೆ ಬೇಡಿದೆ. ಮಾದರಿಗಳನ್ನು ಅಧಿಕೃತ ಪ್ರಯೋಗಾಲಯಕ್ಕೆ ಕಳುಹಿಸಿ, ಇಪ್ಪತ್ತೊಂದು ದಿನಗಳಲ್ಲಿ ವರದಿ ಬರುತ್ತದೆ ಎಂದಿರಿ. ಕಳುಹಿಸೋಣವೆಂದರೆ ಮಾದರಿಗಳು ತಮ್ಮ ಬೀಗದೊಳಗೇ ಇವೆ! ಮತ್ತೆ ನೀರು ತುಂಬಿಸಿ ತಂದೆವು, ಪರೀಕ್ಷಿಸೋಣವೆಂದರೆ ರಾಸಾಯನಿಕಗಳೂ ಅದೇ ಕಪಾಟಿನಲ್ಲಿವೆ. ಮೂಡುಬಿದಿರೆಯ ಒಂದು ಕಾಲೇಜಿನಲ್ಲಿರುವ ಗೆಳತಿಯನ್ನು ಕೇಳಿದೆ. ಹೊರಗಿನ ನೀರು ಮುಟ್ಟಬಾರದೆಂಬ ತಮ್ಮ ಸುತ್ತೋಲೆ ನನಗಿಂತ ಮೊದಲು ಅವಳನ್ನು ತಲುಪಿತ್ತು. ಕಾಗದ ಇಷ್ಟು ವೇಗವಾಗಿ ಓಡಬಲ್ಲದು ಎಂದು ನನಗೆ ತಿಳಿದಿರಲಿಲ್ಲ.

ಹಾಗಾದರೆ ಸುಮ್ಮನೆ ನೀರು ಚೆಲ್ಲಿಬಿಡಬಹುದಲ್ಲ ಎಂದು ತಾವು ಕೇಳಬಹುದು. ನಿನ್ನೆ ಮೂರೂ ಕಡೆ ನಡೆದುಕೊಂಡೇ ಹೋಗಿ ಅದನ್ನೇ ಹೇಳಿದೆ. ಮೂವರು ಕಾರ್ಯಕರ್ತೆಯರದೂ ಒಂದೇ ಉತ್ತರ. ಸುಪ್ರೀತಾ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ಟೀಚರ್, ನೀವು ಹೇಳಿದ್ರೆ ನಾನು ನಂಬ್ತೇನೆ. ಆದ್ರೆ ಡ್ರಮ್ ಸ್ಟಾಕ್ ಪುಸ್ತಕದಲ್ಲಿ ಬರೆದು ಆಗಿದೆ. ಟ್ಯಾಂಕರ್ ಇನ್ನು ಬರುವುದು ಬುಧವಾರ. ಇದ್ದ ನೀರು ಚೆಲ್ಲಿದ್ರೆ ಮೇಲಿನವರು ನನ್ನನ್ನು ಬಿಡ್ತಾರಾ? ಒಂದು ಬರಹ ಕೊಡಿ, ಈಗಲೇ ಚೆಲ್ತೇನೆ." ಅವಳ ಹಿಂದೆ ಒಂದು ಮಗು ಲೋಟ ಹಿಡಿದು ನಿಂತಿತ್ತು. ನಾನು ಬರಹ ಕೊಡದೆ ವಾಪಸು ಬಂದೆ. ಫಲಿತಾಂಶವನ್ನಾಗಲಿ ಅಭಿಪ್ರಾಯವನ್ನಾಗಲಿ ಯಾರಿಗೂ ಲಿಖಿತವಾಗಿ ನೀಡತಕ್ಕದ್ದಲ್ಲ, ತಪ್ಪಿದಲ್ಲಿ ಸೇವೆ ರದ್ದು ಎಂದು ತಮ್ಮ ನೋಟಿಸಿನಲ್ಲಿ ಸ್ಪಷ್ಟವಾಗಿದೆ. ನಾನು ಅತಿಥಿ ಉಪನ್ಯಾಸಕಿ. ನನ್ನನ್ನು ತೆಗೆಯಲು ಒಂದು ಫೋನ್ ಸಾಕು. ಹೆದರಿ ಬಂದೆ, ನಾಚಿಕೆಯಿಂದ ಹೇಳುತ್ತಿದ್ದೇನೆ.

ಸೋಮವಾರ ಬೆಳಗಿನ ಮೊದಲ ಗಂಟೆ ಹೊಡೆಯುವುದರೊಳಗೆ ಆ ಕೀಲಿಕೈ ಕಾಲೇಜಿಗೆ ಬರಬೇಕು. ಮಕ್ಕಳ ರೆಕಾರ್ಡ್ ಪುಸ್ತಕಗಳ ಮೇಲೆ ತಾವು ಎಳೆದ ಕೆಂಪು ಗೆರೆಯನ್ನು ತಾವೇ ಹಿಂದಕ್ಕೆ ಪಡೆಯಬೇಕು. ನನ್ನ ಮೇಲಿನ ಕ್ರಮವನ್ನು ನಿಧಾನವಾಗಿ ಜರುಗಿಸಿ, ಅದಕ್ಕೆ ಅವಸರವಿಲ್ಲ.

ಅವಸರ ಇರುವುದು ಬೇರೆಯವರಿಗೆ. ಸುಪ್ರೀತಾ, ಮತ್ತು ಉಳಿದ ಇಬ್ಬರು ಅಕ್ಕಂದಿರೇ, ನೀವು ಕೇಳಿದ ಬರಹ ಇದೇ. ಮುಂಡಪ್ಪಣ್ಣ ಕೊಟ್ಟ ನೀಲಿ ಡ್ರಮ್ಮುಗಳ ನೀರಿನಲ್ಲಿ ತಾಮ್ರವಿರುವ ಸಂಶಯ ನನಗಿದೆ. ಮಕ್ಕಳಿಗೆ ಅದನ್ನು ಕುಡಿಸಬೇಡಿ, ಅದರಲ್ಲಿ ಅನ್ನ ಬೇಯಿಸಬೇಡಿ, ಈಗಲೇ ಚೆಲ್ಲಿ. ಯಾರಾದರೂ ಕೇಳಿದರೆ ಈ ಪತ್ರವನ್ನು ಪತ್ರಿಕೆಯಿಂದ ಕತ್ತರಿಸಿ ಸ್ಟಾಕ್ ಪುಸ್ತಕಕ್ಕೆ ಅಂಟಿಸಿ, ಕೆಳಗಿರುವ ಸಹಿ ತೋರಿಸಿ.

ಇಂತಿ,
ಈ ಪತ್ರ ಅಚ್ಚಾಗುವವರೆಗೆ ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿಯಾಗಿದ್ದ
ಶಶಿಪ್ರಭಾ